ಹಸಿರು ದೀಪ ಉರಿಯುತ್ತಿದ್ದ ಬಾಣಂತಿ ಕೋಣೆ

ಕೋಣೆಯ ಗಾಳಿ ಶುದ್ಧವಾಗಿದೆಯೆಂದು ಬರೆದು ಕೆಳಗೆ ಸಹಿ ಮಾಡುವ ಕೆಲಸಕ್ಕೆ ನೀವು ಹೊಸದಾಗಿ ಸೇರುತ್ತಿದ್ದೀರಿ. ಅದೇ ಕೆಲಸದಿಂದ ನಾನು ಕಳೆದ ವರ್ಷ ನಿವೃತ್ತನಾದೆ. ಬೀಳ್ಕೊಡುಗೆಯ ದಿನ ಹಾರ ಹಾಕಿದರು, ಶಾಲು ಹೊದಿಸಿದರು, ನಾಲ್ಕು ಮಾತು ಆಡಿರೆಂದರು. ನಾನು ವಂದನೆ ಹೇಳಿ ಕುಳಿತುಬಿಟ್ಟೆ. ನನಗೆ ಹೇಳಬೇಕೆನಿಸಿದ್ದು ಹಾರ ಹಾಕಿಕೊಂಡು ಹೇಳುವಂಥದ್ದಾಗಿರಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಭಾಷೆಯಲ್ಲಿ ದೋಷಗಳಿದ್ದರೆ ತಿದ್ದಿಕೊಂಡು ಓದಬೇಕು. ವಿಷಯದಲ್ಲಿ ದೋಷವಿರದಂತೆ ಶಕ್ತಿಮೀರಿ ಎಚ್ಚರ ವಹಿಸಿದ್ದೇನೆ.

ನಾನು ರಾಣೆಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನವನು. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಪದವಿ ಪಡೆದವರು ಯಾರೂ ಇರಲಿಲ್ಲ. ನನ್ನ ತಂದೆ ರಾಣೆಬೆನ್ನೂರಿನ ಹತ್ತಿ ಗಿರಣಿಯೊಂದರಲ್ಲಿ ಹತ್ತಿಯನ್ನು ಒತ್ತಿ ಅಂಡಿಗೆ ಕಟ್ಟುತ್ತಿದ್ದರು. ಸಂಜೆ ಮನೆಗೆ ಬಂದಾಗ ಅವರ ಹುಬ್ಬಿನ ಮೇಲೆ, ಕಿವಿಯ ಸುತ್ತ ಹತ್ತಿಯ ಎಳೆಗಳು ಅಂಟಿಕೊಂಡಿರುತ್ತಿದ್ದವು. ಕೆಮ್ಮುತ್ತಲೇ ಊಟ ಮಾಡುತ್ತಿದ್ದರು. ಹಾವೇರಿಯ ಗಾಳಿ ಪರೀಕ್ಷಾ ಕೇಂದ್ರದಲ್ಲಿ ನನಗೆ ಕೆಲಸ ಸಿಕ್ಕ ಸುದ್ದಿ ಕೇಳಿ ಅವರು ಸಂತೋಷಪಟ್ಟದ್ದಕ್ಕಿಂತ ಹೆದರಿದ್ದೇ ಹೆಚ್ಚು.

“ತಮ್ಮಾ, ಸಾಲಿ ಕಲೀಲಾರದಾಂವ ತಪ್ಪ ಹೇಳಿದ್ರ ಮಂದಿ ನಗತಾರ. ಕಲಿತಾಂವ ತಪ್ಪ ಹೇಳಿದ್ರ ಮಂದಿ ನಂಬತಾರ. ನೋಡ್ಕೊಂಡು ಹೇಳಪಾ,” ಎಂದರು.

ಆ ಮಾತು ನನ್ನ ಪ್ರತಿಯೊಂದು ಸಹಿಯ ಹಿಂದೆಯೂ ನಿಂತಿರುತ್ತಿತ್ತು. ಸಹಿ ಮಾಡಿ ಮುಗಿದ ಮೇಲೆ ಲೇಖನಿಯ ಟೋಪಿ ಹಾಕಲು ಸಹ ನನಗೆ ಕೈ ಬರುತ್ತಿರಲಿಲ್ಲ. ಅಳತೆ ತಪ್ಪಿದ್ದರೆ? ಉಪಕರಣ ಸುಳ್ಳು ಹೇಳಿದ್ದರೆ? ಸಹೋದ್ಯೋಗಿಗಳು ಇದನ್ನು ಕಂಡು ನಗುತ್ತಿದ್ದರು. ನೀವೂ ನಗಬಹುದು. ಆದರೆ ಬ್ಯಾಡಗಿಯ ಒಂದು ಕೋಣೆಯ ಕಥೆಯನ್ನು ಕೇಳಿದ ಮೇಲೆ ನಗಿರಿ. ಆ ಕೋಣೆಯಲ್ಲಿ ಒಬ್ಬ ಬಾಣಂತಿಯೂ ಹಸುಗೂಸೂ ಇದ್ದರು. ಅಲ್ಲಿಯ ಗಾಳಿಯನ್ನು ಅವರಿಬ್ಬರೂ ಉಸಿರಾಡಬಹುದೇ ಎಂಬ ಪ್ರಶ್ನೆಗೆ ಉತ್ತರ ಕೊಟ್ಟವನು ನಾನು. ಉಸಿರಾಡಬಹುದು ಎಂದು ಕೊಟ್ಟಿದ್ದೆ. ನನ್ನ ಅಳತೆಯಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆದರೂ ಆ ಕೋಣೆ ಅವರಿಬ್ಬರ ಜೀವಕ್ಕೆ ಬಂದಿತ್ತು. ಅದು ಹೇಗೆಂಬುದು ತಿಳಿಯಬೇಕಾದರೆ ನಮ್ಮ ಕೆಲಸದ ರೀತಿಯನ್ನು ಸ್ವಲ್ಪ ಹೇಳಲೇಬೇಕು.

ಮೊದಮೊದಲು ನಾವು ಅಳೆಯುತ್ತಿದ್ದದ್ದು ಗಿರಣಿಗಳ ಧೂಳನ್ನು ಮಾತ್ರ. ಹೀರುಯಂತ್ರಕ್ಕೆ ಬಿಳಿಯ ಸೋಸುಕಾಗದ ಹಾಕಿ ಇಡೀ ಪಾಳಿ ಓಡಿಸುವುದು, ಆಮೇಲೆ ಕಾಗದವನ್ನು ಕೇಂದ್ರಕ್ಕೆ ತಂದು ಸೂಕ್ಷ್ಮ ತಕ್ಕಡಿಯಲ್ಲಿ ತೂಗುವುದು. ರಾಣೆಬೆನ್ನೂರಿನಿಂದ ಬಂದ ಕಾಗದ ಬೂದಿಯ ಬಣ್ಣ, ಬ್ಯಾಡಗಿಯ ಖಾರದ ಗಿರಣಿಯಿಂದ ಬಂದದ್ದು ಕುಂಕುಮದ ಬಣ್ಣ. ಊರ ಹೆಸರು ಬರೆಯುವ ಅಗತ್ಯವೇ ಇರುತ್ತಿರಲಿಲ್ಲ. ಆನಂತರ ಅಂಗೈಯಲ್ಲಿ ಹಿಡಿಯುವ ಮೀಟರುಗಳು ಬಂದವು. ಗಾಳಿಯಲ್ಲಿ ತೇಲುವ ಕಣಗಳ ಮೇಲೆ ಬೆಳಕು ಬಿಟ್ಟು ಅವು ಎಷ್ಟಿವೆಯೆಂದು ತಕ್ಷಣ ತೋರಿಸುವಂಥವು. ಅವುಗಳ ಬೆನ್ನಿಗೇ ಏರ್ ಪ್ಯೂರಿಫೈಯರ್‌ಗಳು ನಮ್ಮ ಕಡೆಗೂ ಬಂದವು. ಕೋಣೆಯಿಂದ ಕೋಣೆಗೆ ಎತ್ತಿಕೊಂಡು ಹೋಗಬಹುದಾದ ಪೆಟ್ಟಿಗೆ. ಒಳಗೊಂದು ಫ್ಯಾನು, ಅದರ ಮುಂದೆ ನೆರಿಗೆ ನೆರಿಗೆಯಾದ ಸೋಸುಕಾಗದ, ಮೇಲೊಂದು ದೀಪ. ಗಾಳಿಯಲ್ಲಿ ಕಣಗಳು ಹೆಚ್ಚಿದ್ದರೆ ದೀಪ ಕೆಂಪು, ಕಡಿಮೆಯಾದರೆ ಹಸಿರು. ಜನ ಪೆಟ್ಟಿಗೆಯನ್ನಲ್ಲ, ಆ ದೀಪವನ್ನು ಕೊಳ್ಳುತ್ತಿದ್ದರು ಎಂದರೆ ಅತಿಶಯೋಕ್ತಿಯಾಗಲಾರದು.

ಪೆಟ್ಟಿಗೆ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆಂದು ಪರೀಕ್ಷಿಸುವ ಕ್ರಮವನ್ನು ನನಗೆ ಕಲಿಸಿದವರು ನಮ್ಮ ಮೇಲಧಿಕಾರಿ ದೇಸಾಯಿ ಸರ್. ಕೋಣೆಯ ಬಾಗಿಲು, ಕಿಟಕಿ ಮುಚ್ಚಬೇಕು. ಊದಿನಕಡ್ಡಿ ಹಚ್ಚಿ ಹೊಗೆ ತುಂಬಿಸಬೇಕು. ಕಡ್ಡಿ ಆರಿಸಿ, ಹೊಗೆಯ ಕಣಗಳು ಎಷ್ಟು ಬೇಗ ಕಡಿಮೆಯಾಗುತ್ತವೆಂದು ಅಳೆಯಬೇಕು. ನಾನು ಮೊದಲ ಸಲ ನೇರವಾಗಿ ಯಂತ್ರವನ್ನೇ ಚಾಲೂ ಮಾಡಲು ಹೋದಾಗ ಅವರು ನನ್ನ ಕೈ ಹಿಡಿದರು.

“ಏ ಶಾಣ್ಯಾ, ಮೊದಲ ಮಷೀನ ಬಂದ್ ಇಟ್ಟು ಅಳಿ. ಯಾರೂ ಹೇಳದಿದ್ರೂ ಧೂಳಿಗೆ ತನ್ನಷ್ಟಕ್ಕ ತಾನ ಕುಂದ್ರಾಕ ಬರ್ತೈತಿ. ಅದು ಕುಂತದ್ದೂ ಮಷೀನಿನ ಲೆಕ್ಕಕ್ಕ ಬರದಿಟ್ರ ಹೆಂಗ?”

ಯಂತ್ರವಿಲ್ಲದೆ ಒಮ್ಮೆ, ಯಂತ್ರದೊಂದಿಗೆ ಒಮ್ಮೆ. ಎರಡರ ನಡುವಿನ ವ್ಯತ್ಯಾಸವೇ ಯಂತ್ರದ ನಿಜವಾದ ದುಡಿಮೆ. ಎಷ್ಟೇ ಅವಸರವಿದ್ದರೂ ಮೊದಲ ಸರದಿಯನ್ನು ಬಿಡಬೇಡಿರಿ. ಗಾಜಿನ ಡಬ್ಬಿಯಲ್ಲಿ ಹೊಗೆ ತುಂಬಿಸಿ ಕಣ್ಣೆದುರಿಗೇ ಮಾಯ ಮಾಡಿ ತೋರಿಸುವ ಮಾರಾಟಗಾರರು ಎಂದೂ ಅದನ್ನು ಮಾಡುವುದಿಲ್ಲ.

ರಾಣೆಬೆನ್ನೂರಿನ ಮಕ್ಕಳ ದವಾಖಾನೆಯೊಂದರಲ್ಲಿ ನಾನು ಎರಡೂ ಸರದಿ ಮಾಡಿದೆ. ಎರಡರ ಫಲಿತಾಂಶವೂ ಒಂದೇ ಬಂತು. ಯಂತ್ರ ಗುಂಯ್‌ಗುಡುತ್ತಿತ್ತು, ಗಾಳಿ ಬೀಸುತ್ತಿತ್ತು, ದೀಪ ಬೆಳಗುತ್ತಿತ್ತು, ಕಣಗಳು ಮಾತ್ರ ತಮ್ಮಷ್ಟಕ್ಕೆ ತಾವು ಕೂರುತ್ತಿದ್ದವು. ನನ್ನ ಮೀಟರ್ ಕೆಟ್ಟಿದೆಯೆಂದೇ ನಾನು ನಿರ್ಧರಿಸಿದೆ. ಅದು ನನ್ನ ಸ್ವಭಾವ. ಬೇರೆ ಮೀಟರ್ ತರಿಸಿದೆ. ಮತ್ತೆ ಅದೇ ಫಲ. ಬೆವರುತ್ತ ದೇಸಾಯಿ ಸರ್‌ಗೆ ಫೋನ್ ಮಾಡಿದೆ. ಅವರು ಬಂದವರೇ ಯಂತ್ರದ ಹಿಂಬದಿಯ ಮುಚ್ಚಳ ತೆಗೆದರು. ಸೋಸುಕಾಗದಕ್ಕೆ ಕಾರ್ಖಾನೆಯಲ್ಲಿ ಹಾಕಿದ ಪ್ಲಾಸ್ಟಿಕ್ ಚೀಲ ಹಾಗೆಯೇ ಇತ್ತು. ಗಾಳಿ ಅದರ ಪಕ್ಕದಿಂದ ಸುತ್ತಿ ಹೊರಗೆ ಬರುತ್ತಿತ್ತು.

ಸ್ವಾಗತದ ಮೇಜಿನಲ್ಲಿದ್ದ ಹೆಣ್ಣುಮಗಳು, “ಹೊಸಾದೈತ್ರಿ ಸರ್. ತಗದ್ರ ಹೊಲಸಾಗ್ತೈತಿ ಅಂತ ಹಂಗ ಇಟ್ಟೇವ್ರಿ,” ಎಂದಳು. ಆಕೆ ಕುಳಿತ ಕುರ್ಚಿಗೂ ಪ್ಲಾಸ್ಟಿಕ್ ಇತ್ತು. ಟಿವಿಯ ರಿಮೋಟಿಗೂ ಇತ್ತು.

ದೇಸಾಯಿ ಸರ್ ಹೊಟ್ಟೆ ಹಿಡಿದುಕೊಂಡು ನಕ್ಕರು. “ಇಕಿಗೆ ದೀಪದ ಮ್ಯಾಲೆ ಭಾಳ ನಂಬಿಕಿ. ನಿನಗ ನಿನ್ನ ಮೀಟರ್ ಮ್ಯಾಲೂ ನಂಬಿಕಿ ಇಲ್ಲ. ಇಬ್ರನ್ನೂ ಇದ ದವಾಖಾನಿಯೊಳಗ ದಾಖಲ ಮಾಡಬೇಕು ನೋಡು!”

ನನಗೆ ನಗು ಬರಲಿಲ್ಲ. ಹೊಗೆ ಇಳಿದ ಮೇಲೆ ಒಳಗೆ ಬಿಟ್ಟಿದ್ದ ತಾಯಂದಿರ ತೊಡೆಯಲ್ಲಿ, ಎದುರಿನ ಬಾಕಿನ ಮೇಲೆ, ಮಕ್ಕಳು ಗೊರಗೊರ ಉಸಿರಾಡುತ್ತಿದ್ದರು. ಹಸಿರು ದೀಪವನ್ನು ನೋಡಿ ಆ ತಾಯಂದಿರು ಅಲ್ಲಿಯೇ, ಯಂತ್ರದ ಹತ್ತಿರವೇ, ಸರಿದು ಸರಿದು ಕುಳಿತಿದ್ದರು.

ಇನ್ನೊಮ್ಮೆ ಹಾವೇರಿಯ ಬಟ್ಟೆ ಅಂಗಡಿಯವರು, ಆಯುಧಪೂಜೆಯಾದ ಮರುದಿನದಿಂದ ದೀಪ ಕೆಂಪಾಗಿಯೇ ಇದೆ, ಯಂತ್ರ ಹುಲಿಯಂತೆ ಗುರುಗುಟ್ಟುತ್ತಿದೆ ಎಂದು ದೂರು ಕೊಟ್ಟರು. ಹೋಗಿ ನೋಡಿದರೆ ಯಂತ್ರದ ಮುಂಭಾಗಕ್ಕೆ ಮೂರು ಬೆರಳಿನ ವಿಭೂತಿ ಎಳೆದು ನಡುವೆ ಕುಂಕುಮವಿಟ್ಟಿದ್ದರು. ಕಣಗಳನ್ನು ನೋಡುವ ಎಳ್ಳಿನಷ್ಟು ಗಾತ್ರದ ಕಿಂಡಿ ಸರಿಯಾಗಿ ಆ ಕುಂಕುಮದ ಕೆಳಗೇ ಇತ್ತು. ಕುಂಚದಿಂದ ಒರೆಸಿದೆ, ದೀಪ ಹಸಿರಾಯಿತು. ಪೂಜೆಯನ್ನು ಬೆನ್ನಿನ ಕಡೆಗೆ ಮಾಡಿರೆಂದು ವಿನಂತಿಸಿದೆ.

“ಬೆನ್ನಿಗೆ ಯಾರರ ವಿಭೂತಿ ಹಚ್ಚತಾರೇನ್ರಿ?” ಎಂದು ಮಾಲೀಕರು ಕೇಳಿದರು. ಕಿಂಡಿಯ ಜಾಗವನ್ನು ಬೆರಳಿಟ್ಟು ತೋರಿಸಿ ಹಿಂತಿರುಗಿದೆ.

ಈ ಎರಡು ಪ್ರಸಂಗಗಳಿಂದ ನಾನು ಒಂದು ಪಾಠ ಕಲಿತೆನೆಂದು ತಿಳಿದಿದ್ದೆ: ದೀಪ ನೋಡುವುದು ಎಳ್ಳಿನಷ್ಟು ಕಿಂಡಿಯಿಂದ, ಆದ್ದರಿಂದ ದೀಪವನ್ನು ನಂಬಬಾರದು, ಮೀಟರನ್ನು ನಂಬಬೇಕು. ಪಾಠ ಅರ್ಧ ಮಾತ್ರ ಸರಿಯಾಗಿತ್ತು. ನನ್ನ ಮೀಟರಿಗೂ ಅಂಥದೇ ಒಂದು ಕಿಂಡಿಯಿತ್ತು.

ಬ್ಯಾಡಗಿಯ ಬಸವಣ್ಣೆಪ್ಪನವರು ಮೆಣಸಿನಕಾಯಿ ವ್ಯಾಪಾರಿಗಳು. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಕೆಳಗೆ ಗೋದಾಮು, ಮೇಲೆ ಹೊಸದಾಗಿ ಕಟ್ಟಿಸಿದ ಸಿಮೆಂಟಿನ ಮನೆ. ಸುಗ್ಗಿಯಲ್ಲಿ ಆ ಓಣಿಗೆ ಕಾಲಿಟ್ಟರೆ ಸಾಕು, ಹೊರಗಿನವರು ಸೀನಲು ಶುರುಮಾಡುತ್ತಾರೆ. ಅಲ್ಲಿಯವರಿಗೆ ಅದು ಅಭ್ಯಾಸ. ಆದರೆ ಅವರ ಮಗಳು ಗಿರಿಜಾಳಿಗೆ ಚಿಕ್ಕಂದಿನಿಂದಲೂ ದಮ್ಮು. ಗದಗಿಗೆ ಕೊಟ್ಟ ಮೇಲೆ ಸ್ವಲ್ಪ ಸುಧಾರಿಸಿದ್ದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಹೆರಿಗೆಯೂ ಮೆಣಸಿನಕಾಯಿಯ ಸುಗ್ಗಿಯೂ ಒಟ್ಟಿಗೇ ಬಂದಿದ್ದವು. ತಂದೆ ದೊಡ್ಡದೊಂದು ಯಂತ್ರ ತರಿಸಿ, ಪರೀಕ್ಷಿಸಲು ನಮ್ಮನ್ನು ಕರೆದರು.

“ಪ್ಯಾಟ್ಯಾಗ ನಾ ಕಾಯಿಯ ಬಣ್ಣ ನೋಡಿ ನಂಬಾವಲ್ರಿ,” ಎಂದರು ಅವರು. “ಮುರದು, ಮೂಸಿ, ಬೀಜ ನೋಡಿ ಆಮ್ಯಾಲೆ ದರಾ ಹೇಳಾಂವ. ಈ ಮಷೀನನೂ ಹಂಗ ಮುರದು ನೋಡ್ರಿ. ಒಂದ ಮಾತು ಹೇಳ್ರಿ ನನಗ. ಈ ಕೋಣ್ಯಾಗ ನನ್ನ ಮಗಳು, ಕೂಸು ಉಸರಾಡತಾರೋ ಇಲ್ಲೋ?”

ಇದಕ್ಕಿಂತ ನೇರವಾದ ಪ್ರಶ್ನೆಯನ್ನು ನನ್ನ ವೃತ್ತಿಯಲ್ಲಿ ಯಾರೂ ಕೇಳಿರಲಿಲ್ಲ. ನನಗೆ ತಂದೆಯ ಮಾತು ನೆನಪಾಗಿ ಎರಡೆರಡು ಬಾರಿ ಪರೀಕ್ಷೆ ಮಾಡಿದೆ. ಮುಚ್ಚಳ ತೆಗೆದು ಪ್ಲಾಸ್ಟಿಕ್ ನೋಡಿದೆ, ಕಿಂಡಿ ನೋಡಿದೆ. ಯಂತ್ರ ಉತ್ತಮವಾಗಿತ್ತು. ಕಿಟಕಿ ತೆರೆದಿದ್ದರೆ ಓಣಿಯ ಖಾರದ ಧೂಳಿನೆದುರು ಅದು ಸೋಲುತ್ತಿತ್ತು. ಮುಚ್ಚಿದ್ದರೆ ಸ್ವಲ್ಪ ಹೊತ್ತಿನಲ್ಲೇ ಕೋಣೆಯನ್ನು ಶುಚಿ ಮಾಡುತ್ತಿತ್ತು. ಹಾಗೆಯೇ ತಿಳಿಸಿದೆ: ಬಾಗಿಲು, ಕಿಟಕಿ ಭದ್ರವಾಗಿ ಮುಚ್ಚಿಡಬೇಕು. ಬಸವಣ್ಣೆಪ್ಪನವರು ಆ ಕ್ಷಣವೇ ಗೋದಾಮಿನಿಂದ ಪ್ಯಾಕಿಂಗ್ ಟೇಪು ತರಿಸಿ ಕಿಟಕಿಯ ಸಂದುಗಳಿಗೆಲ್ಲ ತಾವೇ ಅಂಟಿಸಿದರು. ನಾನು ಬೆರಳಿನಿಂದ ಸವರಿ ನೋಡಿ, ಸರಿಯಾಗಿದೆ ಎಂದೆ.

ಬಸವಣ್ಣೆಪ್ಪನವರ ತಾಯಿ ಗೌರವ್ವ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದರು. ಬಾಣಂತಿಯ ಆರೈಕೆ ಅವರದು. ಓಣಿಯ ಎಷ್ಟೋ ಮಕ್ಕಳು ಅವರ ಕೈಯಲ್ಲಿ ಎಣ್ಣೆನೀರು ಎರೆಸಿಕೊಂಡು ಬೆಳೆದವರು.

“ಏ ಗಾಳಿ ಮಾಸ್ತರ, ನಿನ್ನ ಪೆಟಗಿ ಬಿಸಿ ಗಾಳಿ ಬಿಡತೈತೋ, ತಣ್ಣಂದೋ?”

“ಎರಡೂ ಅಲ್ರಿ ಅಮ್ಮಾರ. ಇದ್ದ ಗಾಳೀನ ಸೋಸಿ ಬಿಡತೈತ್ರಿ.”

“ಸೋಸಲಿ, ಕುದಸಲಿ. ಬಾಣಂತಿ ಮೈಗೆ ತಂಪ ಗಾಳಿ ಬಡೀಬಾರದು. ಬಡದ್ರ ಮೊದಲ ನಿನ್ನ ಹಿಡಕೊಂತೇನಿ, ಆಮ್ಯಾಲೆ ಪೆಟಗಿ.”

ಎಲ್ಲರೂ ನಕ್ಕೆವು. ಮೈಯನ್ನು ಹೇಗೆ ಬೆಚ್ಚಗಿಡುತ್ತೀರಿ ಎಂದು ನಾನು ಕೇಳಲಿಲ್ಲ. ಹಾಗೆ ಕೇಳುವ ಪದ್ಧತಿ ನಮ್ಮ ಕೇಂದ್ರದಲ್ಲಿ ಇರಲಿಲ್ಲ. ಗಾಳಿಯನ್ನು ಅಳೆಯುವುದು ನಮ್ಮ ಕೆಲಸ, ಮನೆಯವರ ಆಚಾರ ವಿಚಾರಿಸುವುದು ಸಭ್ಯತೆಯಲ್ಲ ಎಂದು ನಂಬಿದ್ದೆವು.

ಹೆರಿಗೆಯಾದ ಸಿಹಿ ಸುದ್ದಿಯನ್ನು ಬಸವಣ್ಣೆಪ್ಪನವರು ನನಗೂ ಫೋನ್ ಮಾಡಿ ತಿಳಿಸಿದರು. ಕೆಲವು ದಿನಗಳ ನಂತರ ಬೆಳಿಗ್ಗೆ ಮತ್ತೆ ಅವರದೇ ಫೋನು.

“ಮಷೀನು ಹಸಿರ ಐತ್ರಿ. ಕೆಂಪ ಆಗೇ ಇಲ್ಲ. ಖರೇ ಹೇಳಬೇಕಂದ್ರ ದಮ್ಮೂ ಬಂದಿಲ್ಲ. ಆದ್ರ ಗಿರಿಜಾಗ ತಲಿ ಸಿಡ್ಯಾಕತ್ತೈತಿ ಅಂತಾಳ. ವಾಂತಿ ಬಂದಂಗ ಆಗತೈತಂತ. ಎರಿಯಾಕ ಬಚ್ಚಲಕ್ಕ ಕರಕೊಂಡ ಹೋದ್ರ ಹಗರ ಆಗತೈತಿ, ಕೋಣಿಗೆ ಬಂದಮ್ಯಾಲೆ ಮತ್ತ ಅದ. ಮಷೀನಿನ ಗಾಳಿ ಹೊಂದವಲ್ದು ಅಂತ ನಮ್ಮವ್ವ ಜಗಳಾ ತಗದಾಳ.”

“ಕೂಸು ಹೆಂಗೈತ್ರಿ?”

“ಕೂಸು ಭಾಳ ಶಾಣ್ಯಾ ಐತ್ರಿ!” ಅವರ ಧ್ವನಿ ಅರಳಿತು. “ಎರಡ ದಿನದಿಂದ ಅಳೂದ ಇಲ್ಲ. ಹಾಲಿಗೂ ನಾವ ಎಬ್ಬಿಸಬೇಕು.”

ಫೋನು ಇಟ್ಟೆ. ಅಳದ ಕೂಸನ್ನು ನಾನು ಕಂಡಿರಲಿಲ್ಲ. ದೇಸಾಯಿ ಸರ್ ಎದುರು ಹೋಗಿ ವಿಷಯ ಹೇಳಿ, ಬ್ಯಾಡಗಿಗೆ ಹೋಗಿಬರಲೇ ಎಂದು ಕೇಳಿದೆ.

“ದೀಪ ಹಸಿರ ಐತಿ ಅಂತಾರ, ನಿನ್ನ ವರದಿನೂ ಸರಿ ಐತಿ,” ಎಂದರು ಅವರು. “ತಲಿನೋವಿಗೆ ಡಾಕ್ಟರ ಅದಾರ. ನಾವು ಗಾಳಿ ಅಳಿಯೂ ಮಂದಿ, ನಾಡಿ ಹಿಡಿಯೂ ಮಂದಿ ಅಲ್ಲ. ನೀ ಈಗ ಹೋಗಿ ನಿಂತ್ರ ಮಷೀನಿನೊಳಗ ಏನೋ ತಪ್ಪೈತಿ ಅಂತ ನಾವ ಒಪ್ಪಿಕೊಂಡಂಗ ಆಗತೈತಿ. ಹೋಗಬ್ಯಾಡ.”

ಮೇಲಧಿಕಾರಿಗಳ ಮಾತನ್ನು ನಾನು ಎಂದೂ ಮೀರಿದವನಲ್ಲ. ಮೀರುವ ಧೈರ್ಯ ನನ್ನಂಥವನಿಗೆ ಎಲ್ಲಿಂದ ಬರಬೇಕು? ಅಂದು ಧೈರ್ಯ ಬಂತೆಂದು ಬರೆದರೆ ಸುಳ್ಳಾಗುತ್ತದೆ. ದೇಸಾಯಿ ಸರ್ ಕುರಿತ ಭಯಕ್ಕಿಂತ ಆ ಕೂಸಿನ ಕುರಿತ ಭಯ ದೊಡ್ಡದಾಯಿತು, ಅಷ್ಟೇ. ಮೀಟರ್ ಇದ್ದ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಊಟಕ್ಕೆ ಹೋಗುವವನಂತೆ ಹೊರಬಿದ್ದು ಬ್ಯಾಡಗಿಯ ಬಸ್ಸು ಹತ್ತಿದೆ. ಮೋಟೆಬೆನ್ನೂರು ದಾಟಿ ಬಸ್ಸು ಬ್ಯಾಡಗಿಯ ದಾರಿಗೆ ಹೊರಳುವಾಗ ಇಳಿದು ಹಿಂತಿರುಗಿಬಿಡಲೇ ಎಂದು ಒಮ್ಮೆ ಯೋಚಿಸಿದ್ದೂ ನಿಜ. ಅಷ್ಟರಲ್ಲಿ ಗಾಳಿಯಲ್ಲಿ ಖಾರದ ವಾಸನೆ ಬಂತು, ಊರು ಬಂದುಬಿಟ್ಟಿತ್ತು.

ಬಾಣಂತಿ ಕೋಣೆಯೊಳಗೆ ಪರಪುರುಷರು ಹೋಗುವಂತಿಲ್ಲ. ಗೌರವ್ವ ಹೊಸ್ತಿಲಲ್ಲೇ ನನ್ನನ್ನು ತಡೆದರು. ಅವರ ಹಣೆಗೆ ಶುಂಠಿಯ ಪಟ್ಟು ಹಾಕಿತ್ತು.

“ಅಲ್ಲೇ ನಿಂದ್ರು. ನಿನ್ನ ಯಂತ್ರಾ ಕೊಡು, ನಾ ಇಡತೇನಿ.”

ಮೀಟರನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ಗಿಂಡಿಯಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಹೋಗಿ ಮಂಚದ ಬಳಿ ಸ್ಟೂಲಿನ ಮೇಲಿಟ್ಟರು. ಬಾಗಿಲನ್ನು ಒಂದು ಮೊಳದಷ್ಟು ಮಾತ್ರ ತೆರೆದು, ನಾನು ಹೊರಗಿನಿಂದಲೇ ಕತ್ತು ಚಾಚಿ ಓದಿದೆ. ಕಣಗಳು ಇಲ್ಲವೆಂದೇ ಹೇಳಬೇಕು. ಅಷ್ಟು ಶುದ್ಧವಾದ ಕೋಣೆಯನ್ನು ನಾನು ಈ ಜಿಲ್ಲೆಯಲ್ಲಿ ಎಲ್ಲಿಯೂ ಅಳೆದಿರಲಿಲ್ಲ. ಯಂತ್ರದ ಮೇಲೆ ಹಸಿರು ದೀಪ ದೇವರ ದೀಪದಂತೆ ನಿಶ್ಚಲವಾಗಿ ಉರಿಯುತ್ತಿತ್ತು. ನನ್ನ ವರದಿ ಸರಿಯಾಗಿತ್ತು. ಒಂದು ಗಳಿಗೆ ನನಗೆ ಸಮಾಧಾನವೂ ಆಯಿತು.

“ಗಿರಿಜಾ, ಸಾಹೇಬ್ರು ಬಂದಾರವ್ವಾ. ಹೆಂಗ ಆಗತೈತಿ ಹೇಳು,” ಎಂದು ನನ್ನ ಹಿಂದೆ ನಿಂತಿದ್ದ ಬಸವಣ್ಣೆಪ್ಪನವರು ಕೂಗಿದರು.

ಮಂಚದ ಮೇಲಿನ ಹೊದಿಕೆಯಿಂದ ಉತ್ತರ ಬಹಳ ತಡವಾಗಿ ಬಂತು. “ನಿದ್ದಿ... ಬರಾಕತ್ತೈತಿ ಅಪ್ಪಾ.” ನಾಲಿಗೆ ತೊಡರುತ್ತಿತ್ತು. ಪಕ್ಕದಲ್ಲಿ ಕೂಸು ಬಾಯಿ ಅರೆತೆರೆದು ಮಲಗಿತ್ತು. ಮುಷ್ಟಿ ಬಿಗಿಯಾಗಿರಲಿಲ್ಲ. ಹಸುಗೂಸಿನ ಮುಷ್ಟಿ ನಿದ್ದೆಯಲ್ಲಿಯೂ ಬಿಗಿದಿರುತ್ತದೆಂದು ನನ್ನ ಮಕ್ಕಳನ್ನು ಎತ್ತಿದ ಅನುಭವದಿಂದ ನನಗೆ ಗೊತ್ತಿತ್ತು.

“ಅಮ್ಮಾರ, ನಿಮ್ಮ ಹಣಿಗೆ ಯಾಕ ಶುಂಠಿ ಹಚ್ಚೀರಿ?”

“ನನಗೂ ತಲಿ ಹಿಡದೈತಪಾ. ನಿನ್ನ ಪೆಟಗಿ ಗಾಳಿ ಥಂಡಿ ಅಂತ ಅವತ್ತ ಹೇಳಿದ್ದೆ. ಅದಕ್ಕ ಎರಡ ಬೊಗಸಿ ಇದ್ದಲಿ ಜಾಸ್ತಿ ಹಾಕೇನಿ ನೋಡು. ಇಲ್ಲಾಂದ್ರ ಹುಡುಗಿ ಸೆಟದ ಹೋಗತಿದ್ಲು.”

ಆಗ ಮಂಚದ ಕೆಳಗೆ ನೋಡಿದೆ. ನಮ್ಮ ಕಡೆ ಬಾಣಂತಿಯ ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು ಬೆನ್ನಿಗೆ ಶಾಖ ಕೊಡುವುದು ಹಿಂದಿನಿಂದ ನಡೆದುಬಂದ ರೂಢಿ. ನನ್ನ ತಾಯಿಯೂ ಹಾಗೆಯೇ ಮಲಗಿದ್ದವರು. ಅಗಲವಾದ ಮಣ್ಣಿನ ಬೋಗುಣಿಯಲ್ಲಿ ಇದ್ದಲಿಯ ಕೆಂಡ ನಿಗಿನಿಗಿ ಎನ್ನುತ್ತಿತ್ತು.

“ಹೊಗಿ ಆಗೂದಿಲ್ರೇನು?” ಎಂದು ಕೇಳಿದೆ.

“ಅದ ಚಲೋ ಐತಿ ನೋಡು ನಿನ್ನ ಪೆಟಗ್ಯಾಗ!” ಎಂದು ಗೌರವ್ವ ಮೊದಲ ಸಲ ಯಂತ್ರವನ್ನು ಹೊಗಳಿದರು. “ಮೊದಲೆಲ್ಲಾ ಲೋಬಾನ ಹಾಕಿದ್ರ, ಬೆಳ್ಳುಳ್ಳಿ ಸಿಪ್ಪಿ ಹಾಕಿದ್ರ ಕಣ್ಣ ಉರದು ಬಾಗಲಾ ತಗೀಬೇಕಾಗತಿತ್ತು. ಈಗ ಎಷ್ಟ ಹಾಕಿದ್ರೂ ಗಪ್ಪನ ನುಂಗತೈತಿ. ಬಾಗಲಾ ತಗಿಯೂ ಮಾತ ಇಲ್ಲ.”

ಪದವಿಯ ಮೊದಲ ವರ್ಷದ ರಸಾಯನಶಾಸ್ತ್ರದಲ್ಲಿ ಒಂದು ವಾಕ್ಯವಿತ್ತು. ಗಾಳಿ ಸಾಲದಲ್ಲಿ ಇದ್ದಲಿ ಉರಿದಾಗ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷಾನಿಲ ಉಂಟಾಗುತ್ತದೆ. ಅದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಬಂದಿದ್ದೆ. ಬರೆದ ಮೇಲೆ ಅದರ ಕೆಲಸ ಮುಗಿಯಿತೆಂದು ತಿಳಿದಿದ್ದೆ. ಅದು ಅನಿಲ, ಕಣವಲ್ಲ. ಸೋಸುಕಾಗದ ಅದನ್ನು ತಡೆಯದು. ಯಂತ್ರದ ಕಿಂಡಿಯಾಗಲಿ, ನನ್ನ ಮೀಟರಿನ ಕಿಂಡಿಯಾಗಲಿ ಅದನ್ನು ಕಾಣದು. ಬಾಗಿಲು ತೆರೆಯಿರೆಂದು ಕಣ್ಣುರಿಸಿ ಹೇಳುತ್ತಿದ್ದ ಹೊಗೆಯನ್ನು ಯಂತ್ರ ತೆಗೆದುಹಾಕಿತ್ತು. ಹೊಗೆಯ ಜೊತೆಗಿದ್ದ ವಿಷವನ್ನು ಮಾತ್ರ ಅಲ್ಲಿಯೇ ಬಿಟ್ಟಿತ್ತು. ಆ ವಿಷ ಹೊರಗೆ ಹೋಗಲು ಒಂದು ಸಂದಾದರೂ ಇದೆಯೇ? ಆ ಟೇಪನ್ನು ನಾನೇ ಬೆರಳಿನಿಂದ ಸವರಿ ನೋಡಿದ್ದೆ.

ನಾನು ಯಾರ ಮನೆಯಲ್ಲಿಯೂ ಧ್ವನಿ ಎತ್ತಿ ಮಾತನಾಡಿದವನಲ್ಲ. ಅಂದು ಕಿರುಚಿದೆ. “ಅಮ್ಮಾರ, ಕೂಸು ಎತ್ತಿಕೊಂಡು ಹೊರಗ ಬರ್ರಿ! ಲಗೂನ! ಸಾವಕಾರ್ರ, ಮಗಳನ್ನ ಎತ್ರಿ!”

ಅನುಮತಿ ಕೇಳದೆ ಹೊಸ್ತಿಲು ದಾಟಿದೆ.

“ಏ! ಮೈಲಿಗಿ ಅನ್ನೂದ ಬಿಟ್ಟು ಒಳಗ ಬಂದ್ಯಲ್ಲೋ! ತಲಿ ನೆಟ್ಟಗೈತಿಲ್ಲೋ ನಿಂದು?” ಎಂದು ಗೌರವ್ವ ಕೂಗಿದರು. ಬಾಣಂತಿ ಕೋಣೆಯ ಮೈಲಿಗೆಯನ್ನು ಅವರು ಎಣಿಸುತ್ತಿದ್ದರು, ನಾನು ಟೇಪಿನ ತುದಿಯನ್ನು ಹುಡುಕುತ್ತಿದ್ದೆ. ವ್ಯಾಪಾರಿಯ ಕೈ ಅಂಟಿಸಿದ ಟೇಪು, ಉಗುರಿಗೆ ಸಿಗಲಿಲ್ಲ. ಸ್ಟೂಲಿನ ಮೇಲಿದ್ದ ನನ್ನ ಮೀಟರನ್ನೇ ತೆಗೆದುಕೊಂಡು ಗಾಜಿಗೆ ಹೊಡೆದೆ. ಗಾಜು ಒಡೆಯಿತು. ಮೀಟರೂ ಒಡೆಯಿತು.

ಮಾರುಕಟ್ಟೆಯ ಗಾಳಿ ಒಳಗೆ ನುಗ್ಗಿತು. ಮೆಣಸಿನಕಾಯಿಯ ಘಾಟು. ಬಸವಣ್ಣೆಪ್ಪನವರು ಮಗಳನ್ನು ಎತ್ತಿಕೊಂಡು ಪಡಸಾಲೆಗೆ ಓಡಿದರು. ಗೌರವ್ವ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ನನ್ನನ್ನು ಬೈಯುತ್ತಲೇ ಹೊರಗೆ ಬಂದರು. ಪಡಸಾಲೆಯ ಎರಡೂ ಕಿಟಕಿಗಳನ್ನು ತೆರೆದೆ. ನನಗೆ ಸೀನು ಬಂತು, ಬಸವಣ್ಣೆಪ್ಪನವರಿಗೂ ಬಂತು. ಕೂಸಿಗೆ ಏನೂ ಬರಲಿಲ್ಲ. ಸೆರಗು ಸರಿಸಿ ನೋಡಿದ ಗೌರವ್ವನ ಬೈಗುಳ ನಡುವೆಯೇ ನಿಂತಿತು. ಅವರು ಅದರ ಅಂಗಾಲನ್ನು ಬೆರಳಿನಿಂದ ಹೊಡೆದರು, ಮುಖಕ್ಕೆ ಊದಿದರು, “ಏ ಬಂಗಾರಾ, ಏ ನಮ್ಮಪ್ಪಾ,” ಎಂದರು. ಹಿಂದಿನ ಕೋಣೆಯಲ್ಲಿ ಯಂತ್ರ ಗುರುಗುಟ್ಟಲು ಶುರುಮಾಡಿತ್ತು. ತಿರುಗಿ ನೋಡಿದೆ. ಖಾರದ ಧೂಳು ತಾಗಿ ದೀಪ ಕೆಂಪಾಗಿತ್ತು.

ಆಗ ಕೂಸು ಸೀನಿತು. ಎಷ್ಟು ಸಣ್ಣ ಸೀನು ಅದು! ಮತ್ತೊಂದು ಸೀನಿತು. ಆಮೇಲೆ ಮುಷ್ಟಿ ಬಿಗಿಹಿಡಿದು ಓಣಿಗೆಲ್ಲ ಕೇಳುವಂತೆ ಅಳತೊಡಗಿತು.

ಕಾರಿನ ಕಿಟಕಿಗಳನ್ನೆಲ್ಲ ಇಳಿಸಿಕೊಂಡು ತಾಯಿಮಗುವನ್ನು ಹಾವೇರಿಯ ಆಸ್ಪತ್ರೆಗೆ ಸಾಗಿಸಿದೆವು. ಇಬ್ಬರಿಗೂ ಆಮ್ಲಜನಕ ಕೊಟ್ಟರು. ಇನ್ನಷ್ಟು ಹೊತ್ತು ಅದೇ ಕೋಣೆಯಲ್ಲಿ ಮಲಗಿದ್ದರೆ ಎಬ್ಬಿಸುವುದು ಕಷ್ಟವಿತ್ತೆಂದು ವೈದ್ಯರು ಹೇಳಿದರು. ಆಸ್ಪತ್ರೆಯ ವರಾಂಡದಲ್ಲಿ ಗೌರವ್ವ ನನ್ನ ಪಕ್ಕ ಕುಳಿತು ಹಣೆಯ ಶುಂಠಿಯ ಪಟ್ಟನ್ನು ಸೆರಗಿನಿಂದ ಒರೆಸಿಕೊಂಡರು.

“ನನ್ನ ಆರೂ ಮಕ್ಕಳನ್ನ ಕೆಂಡದ ಮ್ಯಾಲ ಹಡದು ಬೆಳಸೇನೋ ತಮ್ಮಾ. ಒಂದಕ್ಕೂ ಏನೂ ಆಗಲಿಲ್ಲ,” ಎಂದರು.

“ಆ ಮನಿ ಯಾವುದಿತ್ರಿ?”

“ಹೆಂಚಿನ ಮನಿ. ಮ್ಯಾಲೆ ಬೆಳಕಿಂಡಿ ಇತ್ತು, ಬಾಗಲ ಸಂದ್ಯಾಗ ಬೆಕ್ಕು ಹಾದು ಹೋಗತಿತ್ತು...” ಎಂದವರು ಅಲ್ಲಿಗೇ ನಿಲ್ಲಿಸಿ ನನ್ನ ಮುಖ ನೋಡಿದರು. ಅವರ ಕೆಂಡದಲ್ಲಿ ತಪ್ಪಿರಲಿಲ್ಲ, ನನ್ನ ಅಳತೆಯಲ್ಲಿಯೂ ತಪ್ಪಿರಲಿಲ್ಲ. ಎರಡು ಸರಿಗಳನ್ನು ಒಂದೇ ಕೋಣೆಯಲ್ಲಿ ಕೂಡಿಹಾಕಿ ಟೇಪು ಅಂಟಿಸಿದ್ದೆವು.

ಮರುದಿನ ದೇಸಾಯಿ ಸರ್ ಎದುರು ಒಡೆದ ಮೀಟರನ್ನಿಟ್ಟು ನಡೆದದ್ದನ್ನು ಹೇಳಿದೆ. ಕೆಲಸ ಹೋಗುತ್ತದೆಂದೇ ನಂಬಿದ್ದೆ. ಅವರು ಮೀಟರಿನ ಚೂರುಗಳನ್ನು ಬೆರಳಿನಿಂದ ಸರಿಸುತ್ತ, “ಅದು ನಮ್ಮ ಪರೀಕ್ಷಾದ ವ್ಯಾಪ್ತಿಯೊಳಗ ಇರಲಿಲ್ಲಲಾ,” ಎಂದರು. ನನಗೆ ಹೇಳಿದರೋ ತಮಗೆ ತಾವೇ ಹೇಳಿಕೊಂಡರೋ ತಿಳಿಯಲಿಲ್ಲ. ಸಂಜೆ ನಮ್ಮನ್ನೆಲ್ಲ ಕರೆದರು.

“ಇನ್ನಮ್ಯಾಲೆ ಮೀಟರ್ ತಗಿಯೂಕಿಂತ ಮೊದಲ ಬಾಯಿ ತಗೀರಿ. ಈ ಕೋಣ್ಯಾಗ ಏನೇನ ಉರಸತೀರಿ ಅಂತ ಕೇಳ್ರಿ. ಕೆಂಡಾ ಅಂದ್ರ, ಕಿಡಕಿ ಮುಚ್ಚರಿ ಅನ್ನೂ ಮಾತು ನಿಮ್ಮ ಬಾಯಾಗ ಬರಬಾರದು.”

ಆ ವಿಷಾನಿಲವಿದ್ದರೆ ಕೂಗುವ ಸಣ್ಣ ಅಲಾರಂ ಈಗ ಎಲ್ಲರ ಚೀಲದಲ್ಲೂ ಇದೆ. ನಿಮ್ಮ ಚೀಲದಲ್ಲಿಯೂ ಇರುತ್ತದೆ. ಆದರೂ ಬಾಯಿ ತೆರೆದು ಕೇಳುವುದನ್ನು ಬಿಡಬೇಡಿರಿ. ಅಲಾರಮ್ಮಿಗೂ ಎಲ್ಲಿಯೋ ಒಂದು ಕಿಂಡಿ ಇದ್ದೇ ಇರುತ್ತದೆ. ಅದಕ್ಕೆ ಕಾಣದ್ದು ಏನೆಂಬುದು ನನಗಿನ್ನೂ ತಿಳಿದಿಲ್ಲ. ನಿದ್ದೆ ಬಾರದಾಗ ನಾನು ಯೋಚಿಸುವುದು ಅದನ್ನೇ.

ಸುಗ್ಗಿ ಮುಗಿಯುವ ಮೊದಲು ಮತ್ತೊಮ್ಮೆ ಬ್ಯಾಡಗಿಗೆ ಹೋಗಿದ್ದೆ. ಬಾಣಂತಿಯ ಮಂಚವನ್ನು ಓಣಿಯಿಂದ ದೂರದ ಹಿತ್ತಿಲ ಕೋಣೆಗೆ ಸಾಗಿಸಿದ್ದರು. ಮಂಚದ ಕೆಳಗೆ ಕೆಂಡವಿರಲಿಲ್ಲ. ಬಿಸಿನೀರಿನ ರಬ್ಬರ್ ಚೀಲಗಳು ಸಾಲಾಗಿ ಒಣಗುತ್ತಿದ್ದವು. ಈ ಸಲ ಗೌರವ್ವ ನನ್ನನ್ನು ಹೊಸ್ತಿಲಲ್ಲಿ ತಡೆಯಲಿಲ್ಲ. ಗಿರಿಜಾ ಎದ್ದು ಕುಳಿತು ಕೂಸಿಗೆ ಟೋಪಿ ಕಟ್ಟುತ್ತಿದ್ದಳು. ಕಿಟಕಿ ನಾಲ್ಕು ಬೆರಳಿನಷ್ಟು ತೆರೆದಿತ್ತು. ಅದು ಮುಚ್ಚಿಕೊಳ್ಳದಂತೆ ಸಂದಿಗೆ ಕಾಳು ಬಿಡಿಸಿದ ಗೋವಿನಜೋಳದ ಬೆಂಡೊಂದನ್ನು ಸಿಕ್ಕಿಸಿದ್ದರು.

ನಾನು ನೋಡುತ್ತಿದ್ದಂತೆಯೇ ಗಾಳಿ ಈ ಕಡೆಗೆ ಬೀಸಿತು. ಯಂತ್ರದ ದೀಪ ಹಸಿರಿನಿಂದ ಕೆಂಪಾಯಿತು. ಇಷ್ಟು ವರ್ಷಗಳ ಅಭ್ಯಾಸ; ನನ್ನ ಕೈ ತಾನಾಗಿಯೇ ಕಿಟಕಿಯ ಕಡೆಗೆ ಹೋಯಿತು.

ಗೌರವ್ವ ಆ ಕೈಯ ಮೇಲೆ ಛಟೀರೆಂದು ಹೊಡೆದರು.

“ಕೆಂಪ ಇರಲಿ ಬಿಡೋ ಗಾಳಿ ಮಾಸ್ತರ. ಕೂಸು ಸೀನಾಕತ್ತೈತಿ.”